ಬಂದರು ಯಾಕೆ ಹಾಗುಂಟು? ಮಂಗಳೂರಿನ ಹಳೇ ಬಂದರು ಏರಿಯಾ ಅರ್ಥ ಆಗ್ಬೇಕಾದ್ರೆ

ಮಂಗಳೂರಿಗೆ ಬಂದವ್ರನ್ನ ಎಲ್ರೂ ಪಣಂಬೂರು ಬೀಚಿಗೆ, ಕದ್ರಿಗೆ, ಕುದ್ರೋಳಿಗೆ, ಸಂಜೆಗೆ ಐಸ್‌ಕ್ರೀಮ್ ತಿನ್ಲಿಕ್ಕೆ ಕರ್ಕೊಂಡು ಹೋಗ್ತಾರೆ, ಬಂದರಿಗೆ ಮಾತ್ರ ಯಾರೂ ಕರ್ಕೊಂಡು ಹೋಗುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಇಳಿದು ಹೊಳೆ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಡೆದ್ರೆ ಸಾಕು, ರಸ್ತೆ ಸಪೂರ ಆಗ್ತಾ ಹೋಗ್ತದೆ, ಲಾರಿಗಳು ಅಡ್ಡ ನಿಂತಿರ್ತವೆ, ಒಣಮೆಣಸಿನ ಘಾಟು, ಅದರ ಹಿಂದೆಯೇ ಒಣಮೀನಿನ ವಾಸನೆ, ಹಂಚಿನ ಮಾಡಿನ ಉದ್ದುದ್ದ ಗೋಡೌನ್‌ಗಳು, ಬಲೆ ಹಗ್ಗ ಲಂಗರು ಮಾರುವ ಅಂಗಡಿಗಳು, ಗುಜರಿ, ಐಸ್ ಪ್ಲಾಂಟು, ಇದೆಲ್ಲದರ ನಡುವೆ ನೂರಾರು ವರ್ಷದ ಮಸೀದಿ, ಆಚೆ ಕಡೆ ಇಗರ್ಜಿಯ ಗುಮ್ಮಟ. ಮೊದ್ಲ ಸಲ ನೋಡಿದವ್ರಿಗೆ ಅನ್ಸುದು ಇದೆಂತ ಇಷ್ಟು ಗಿಜಿಗಿಜಿ, ಯಾರೂ ಯಾಕೆ ಸರಿ ಮಾಡ್ಲಿಲ್ಲ ಅಂತ. ಪ್ಲಾನ್ ಇಲ್ಲದೆ ಬೆಳೆದ ಏರಿಯಾ ಅಂತ ಸುಲಭಕ್ಕೆ ಹೇಳಿಬಿಡ್ತಾರೆ.

ನಂಗೆ ಆ ಮಾತು ಒಪ್ಪಿಗೆ ಇಲ್ಲ. ಬಂದರಿನ ಒಂದೊಂದು ಗಲ್ಲಿಗೂ ಒಂದು ಕಾರಣ ಉಂಟು, ಅದನ್ನ ಹುಡುಕ್ಲಿಕ್ಕೆ ರಸ್ತೆ ನೋಡಿದ್ರೆ ಆಗುದಿಲ್ಲ, ನೀರು ನೋಡ್ಬೇಕು. ಅಳಿವೆ ಬಾಗಿಲಲ್ಲಿ, ಅಂದ್ರೆ ಹೊಳೆ ಕಡಲಿಗೆ ಸೇರುವ ಕಡೆ, ನೀರಿನ ಆಳ ಎಷ್ಟು, ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬೀಸ್ತದೆ, ಈ ಎರಡು ಗೊತ್ತಾದ್ರೆ ಬಂದರಲ್ಲಿ ಯಾರು ಯಾಕೆ ಇದ್ದಾರೆ, ಅಲ್ಲಿ ಇಷ್ಟು ಭಾಷೆ ಹೇಗೆ ಸೇರಿತು, ಗೋಡೌನ್ ಯಾಕೆ ಅಷ್ಟು ಉದ್ದ, ದೊಡ್ಡ ವ್ಯಾಪಾರ ಯಾಕೆ ಹೋಯ್ತು, ಸಣ್ಣ ವ್ಯಾಪಾರ ಯಾಕೆ ಇನ್ನೂ ಉಂಟು, ಎಲ್ಲ ಒಂದೊಂದಾಗಿ ಬಿಡಿಸ್ಕೊಳ್ತದೆ.

ಮೊದ್ಲು ಜಾಗ ಹೇಗುಂಟು ನೋಡುವ. ಮಂಗಳೂರಿಗೆ ಎರಡು ಹೊಳೆ. ದಕ್ಷಿಣದಲ್ಲಿ ನೇತ್ರಾವತಿ, ಅದು ಪೂರ್ವದಿಂದ ಬಂದು ಹೆಚ್ಚುಕಮ್ಮಿ ಸೀದಾ ಕಡಲಿಗೆ ಹೋಗ್ತದೆ. ಉತ್ತರದಲ್ಲಿ ಗುರುಪುರ ಹೊಳೆ, ಫಲ್ಗುಣಿ ಅಂತಾನೂ ಹೇಳ್ತಾರೆ, ಅದರ ದಾರಿ ಬೇರೆಯೇ. ಕೂಳೂರು ದಾಟಿ ಕಡಲಿನ ತೀರಾ ಹತ್ರ ಬಂದು, ಇನ್ನು ಸೇರಿಯೇ ಬಿಡ್ತದೆ ಅನ್ನುವಾಗ ಎಡಕ್ಕೆ ತಿರುಗಿ, ಕಡಲಿನ ಪಕ್ಕದಲ್ಲೇ ಕೆಲವು ಕಿಲೋಮೀಟರ್ ದಕ್ಷಿಣಕ್ಕೆ ಹರಿದು, ನೇತ್ರಾವತಿಯನ್ನ ಕೂಡಿಕೊಂಡು ಆಮೇಲೆ ಸಮುದ್ರಕ್ಕೆ ಸೇರ್ತದೆ. ಈ ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತೆ ಬೆಂಗ್ರೆ. ಹೊಳೆಯ ಈಚೆ ದಡ, ಅಂದ್ರೆ ಊರಿನ ಕಡೆಯ ದಡವೇ ಬಂದರು. ಎದುರಿಗೆ ಬೆಂಗ್ರೆ ಅಡ್ಡ ಮಲಗಿರುದ್ರಿಂದ ಕಡಲಿನ ಅಲೆ ಇಲ್ಲಿಗೆ ಮುಟ್ಟುದಿಲ್ಲ, ದೋಣಿ ಕಟ್ಟಿ ಹಾಕ್ಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಈ ಕರಾವಳಿಯಲ್ಲಿ ಸಿಗುದು ಕಷ್ಟ.

ಒಳಗೆ ಇಷ್ಟು ಸುಖ, ಆದ್ರೆ ಒಳಗೆ ಬರುವ ಬಾಗಿಲೇ ಕಷ್ಟ. ಎರಡೂ ಹೊಳೆಗಳು ಮಳೆಗಾಲದಲ್ಲಿ ಘಟ್ಟದಿಂದ ಮಣ್ಣು ಮರಳು ಹೊತ್ತು ತರ್ತವೆ, ಅಳಿವೆಗೆ ಬಂದಾಗ ಎದುರಿಂದ ಕಡಲಿನ ಅಲೆ ತಳ್ತದೆ, ನೀರಿನ ವೇಗ ಕಮ್ಮಿ ಆಗ್ತದೆ, ಮರಳು ಅಲ್ಲೇ ಕೂತುಬಿಡ್ತದೆ. ಹಾಗೆ ಕೂತು ಕೂತು ನೀರಡಿಯಲ್ಲಿ ಒಂದು ದಿಬ್ಬ ಆಗ್ತದೆ, ಮನೆ ಬಾಗಿಲಿಗೆ ಹೊಸ್ತಿಲು ಇರುವ ಹಾಗೆ. ಆ ಹೊಸ್ತಿಲು ಒಂದೇ ಜಾಗದಲ್ಲೂ ಇರುದಿಲ್ಲ, ಒಂದು ವರ್ಷ ಇದ್ದ ಕಡೆ ಮರುವರ್ಷ ಇಲ್ಲ. ಭರತ ಇಳಿತದ ವ್ಯತ್ಯಾಸ ಇಲ್ಲಿ ಒಂದು, ಒಂದೂವರೆ ಮೀಟರ್ ಆಸುಪಾಸು ಮಾತ್ರ, ಅದ್ಕೆ ಭಾರ ತುಂಬಿದ ದೋಣಿಯವ್ರು ಭರತ ಏರುವ ತನಕ ಕಾದು, ನೀರು ತುಂಬಿದಾಗ ದಾಟಿಸ್ತಾರೆ. ದೊಡ್ಡ ಹಡಗಿಗಂತೂ ಭರತ ಬಂದ್ರೂ ಒಳಗೆ ಬರ್ಲಿಕ್ಕೆ ಸಾಧ್ಯ ಇಲ್ಲ.

ಇನ್ನು ಗಾಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದಿಂದ ಬೀಸುವ ಮಳೆಗಾಲದ ಗಾಳಿ ಈ ಕರಾವಳಿಯ ಬಂದರುಗಳನ್ನ ಮುಚ್ಚಿಸಿಬಿಡ್ತದೆ. ಹಾಯಿ ಹಡಗಿನ ಕಾಲದಲ್ಲಿ ಅರಬ್ ಕಡೆಯಿಂದ ಬರುವವ್ರು ಮಳೆಯ ಜೋರು ಇಳಿದ ಮೇಲೆ ಬಂದು ಮುಟ್ತಿದ್ರು, ವಾಪಸ್ ಹೋಗ್ಲಿಕ್ಕೆ ಈಶಾನ್ಯದ ಗಾಳಿಗೆ ಕಾಯ್ಬೇಕು, ಅದು ಡಿಸೆಂಬರ್ ಜನವರಿಗೆ ಸರಿಯಾಗಿ ಸಿಗುದು. ಅಂದ್ರೆ ಬಂದವ ಮಾರನೇ ದಿನ ಮಾಲು ತುಂಬಿಸಿ ಹೊರಟ ಅಂತ ಇಲ್ಲವೇ ಇಲ್ಲ, ತಿಂಗಳುಗಟ್ಟಲೆ ಇಲ್ಲೇ. ಗಾಳಿ ತಪ್ಪಿದ್ರೆ ಇಡೀ ವರ್ಷ ಇಲ್ಲೇ. ಹಾಗೆ ಇರ್ಬೇಕಾದ್ರೆ ಮನೆ ಬೇಕು, ಊಟ ಬೇಕು, ಮಾಲು ಇಡ್ಲಿಕ್ಕೆ ಜಾಗ ಬೇಕು, ಪ್ರಾರ್ಥನೆಗೆ ಜಾಗ ಬೇಕು, ಊರಿನ ಭಾಷೆ ಗೊತ್ತಿರುವ ನಂಬಿಕೆಯ ಜನ ಬೇಕು. ತುಂಬಾ ಜನ ಇಲ್ಲೇ ಮದುವೆ ಆದ್ರು, ಸಂಸಾರ ಮಾಡಿದ್ರು. ಬಂದರಿನಲ್ಲಿ ಇಷ್ಟು ಬಗೆಯ ಜನ ಯಾಕೆ ಇದ್ದಾರೆ ಅಂತ ಕೇಳಿದ್ರೆ ನನ್ನ ಉತ್ತರ ಇದೇ: ಗಾಳಿ ಅವ್ರನ್ನ ಕಾಯಿಸಿತು, ಕಾಯ್ತಾ ಕಾಯ್ತಾ ಅವ್ರು ಊರಿನವ್ರಾದ್ರು.

ಇದು ಅಂದಾಜಿನ ಮಾತಲ್ಲ, ದಾಖಲೆ ಉಂಟು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ, ಮೂಲ ಈಗಿನ ಟ್ಯುನೀಷಿಯಾದ ಕಡೆಯವ, ಏಡನ್ ದಾಟಿ ಮಂಗಳೂರಿಗೆ ಬಂದು 1132ರ ಆಸುಪಾಸಿನಿಂದ 1149ರ ತನಕ, ಹತ್ತಿರ ಹತ್ತಿರ ಹದಿನೇಳು ವರ್ಷ ಈ ಕರಾವಳಿಯಲ್ಲಿ ಇದ್ದ. ಅವನ ಪತ್ರಗಳು ಈಜಿಪ್ಟಿನ ಕೈರೋದ ಒಂದು ಹಳೇ ಯಹೂದಿ ಮಂದಿರದ ಉಗ್ರಾಣದಲ್ಲಿ ಸಿಕ್ಕಿದ್ವು, ಹಾಗಾಗಿ ಅವನ ಬಗ್ಗೆ ನಮಗೆ ಗೊತ್ತುಂಟು. ಅಶು ಅನ್ನುವ ಇಲ್ಲಿಯ ದಾಸಿಯನ್ನ ಬಿಡುಗಡೆ ಮಾಡಿ ಅವಳ ಜೊತೆ ಸಂಸಾರ ಮಾಡಿದ, ಮಕ್ಕಳಾದ್ರು. ಹಿತ್ತಾಳೆ ಕೆಲಸದ ಕಾರ್ಖಾನೆ ಇಟ್ಟಿದ್ದ, ಏಡನ್‌ನ ವ್ಯಾಪಾರಿಗಳು ಒಡೆದ ಪಾತ್ರೆ ಇಲ್ಲಿಗೆ ಕಳಿಸಿ ಹೊಸದಾಗಿ ಮಾಡಿಸ್ಕೊಳ್ತಿದ್ರು. ಇಲ್ಲಿಂದ ಕಾಳುಮೆಣಸು, ಅಡಿಕೆ, ಕಬ್ಬಿಣ ಹೋಗ್ತಿತ್ತು, ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೀಲಿಕ್ಕೆ ಕಾಗದ ಬರ್ತಿತ್ತು. ಬೊಮ್ಮ ಅಂತ ಅವನ ಆಳು ಒಬ್ಬ ಯಜಮಾನನ ಪರವಾಗಿ ಏಡನ್ ತನಕ ಹೋಗಿ ವ್ಯವಹಾರ ಮಾಡಿ ಬಂದವ. ಒಂಬೈನೂರು ವರ್ಷದ ಹಿಂದೆ ಬೊಮ್ಮ ಅನ್ನುವ ಹೆಸರಿನ ಮನುಷ್ಯ ಅರಬ್ಬೀ ಸಮುದ್ರ ದಾಟಿ ಲೆಕ್ಕ ಚುಕ್ತಾ ಮಾಡಿ ಬಂದಿದ್ದಾನೆ ಅಂತ ಓದುವಾಗ ನಂಗೆ ಈಗಲೂ ಮೈ ಜುಂ ಅಂತದೆ, ಇದನ್ನ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಯಾಕೆ ಹೇಳಿಕೊಡುದಿಲ್ಲ ಅಂತ ಬೇಜಾರೂ ಆಗ್ತದೆ.

ಆಮೇಲೆ 1340ರ ದಶಕದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದ. ಅವ ಬರೆದದ್ದು ಎಂತ ಅಂದ್ರೆ, ಮಂಜರೂರು (ಅಂದ್ರೆ ಮಂಗಳೂರು) ದೊಡ್ಡ ಊರು, ಪರ್ಷಿಯಾ ಮತ್ತೆ ಯೆಮನ್‌ನ ವ್ಯಾಪಾರಿಗಳು ಹೆಚ್ಚಾಗಿ ಇಳಿಯುದು ಇಲ್ಲೇ, ಕಾಳುಮೆಣಸು ಶುಂಠಿ ಬೇಕಾದಷ್ಟು, ಊರ ಪಕ್ಕದ ಒಂದು ಕೇರಿಯಲ್ಲಿ ಸುಮಾರು 4000 ಮುಸ್ಲಿಮರು ಇದ್ದಾರೆ. ಊರಿನವ್ರಿಗೂ ಅವ್ರಿಗೂ ಆಗಾಗ ಜಗಳ ಆಗ್ತದಂತೆ, ಆಗ ರಾಜ ತಾನೇ ನಡುವೆ ಬಂದು ರಾಜಿ ಮಾಡಿಸ್ತಾನಂತೆ, ಯಾಕಂದ್ರೆ ಅವನಿಗೆ ವ್ಯಾಪಾರಿಗಳು ಬೇಕು. ಈ ಒಂದು ಸಾಲಲ್ಲಿ ಬಂದರಿನ ಎಷ್ಟೋ ಶತಮಾನದ ರಾಜಕೀಯ ಉಂಟು ನೋಡಿ. ಬೇರೆ ಬೇರೆ ಜನ ಪಕ್ಕಪಕ್ಕದಲ್ಲಿ ಬದುಕಿದ್ದಕ್ಕೆ ಪ್ರೀತಿ ಒಂದೇ ಕಾರಣ ಅಂತ ಹೇಳ್ಲಿಕ್ಕೆ ನಂಗೆ ಇಷ್ಟ ಇಲ್ಲ, ಒಬ್ರ ಅನ್ನ ಇನ್ನೊಬ್ರ ಕೈಯಲ್ಲಿ ಇತ್ತು, ಅದು ತುಂಬಾ ಗಟ್ಟಿ ಸಂಬಂಧ, ಪ್ರೀತಿ ಅದರ ಮೇಲೆ ಬೆಳೆದದ್ದು.

ಬಂದರಿನ ಜೀನತ್ ಬಕ್ಷ್ ಜುಮ್ಮಾ ಮಸೀದಿಯನ್ನ ಈ ಕಥೆಯ ಒಳಗೆ ಇಟ್ಟು ನೋಡ್ಬೇಕು. ಕ್ರಿ.ಶ. 644ರಲ್ಲಿ, ಇಸ್ಲಾಂ ಸಾರ್ಲಿಕ್ಕೆ ಅರಬ್ ಕಡೆಯಿಂದ ಬಂದ ಅಂತ ಹೇಳುವ ಮಾಲಿಕ್ ದೀನಾರ್ ಜೊತೆಗಾರರ ಕಾಲದಲ್ಲಿ ಸ್ಥಾಪನೆ ಆದದ್ದು ಅಂತ ಪರಂಪರೆಯಲ್ಲಿ ಹೇಳ್ತಾರೆ, 18ನೇ ಶತಮಾನದಲ್ಲಿ ಟಿಪ್ಪು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟ ಅಂತಾನೂ ಹೇಳ್ತಾರೆ. ಒಳಗಿನ ಮರದ ಕಂಬಗಳು, ಮುಚ್ಚಿಗೆಯ ಕೆತ್ತನೆ ನೋಡಿದ್ರೆ ಇದು ನಮ್ಮ ಕರಾವಳಿಯ ಆಚಾರಿಗಳ ಕೈ ಅಂತ ಕೂಡ್ಲೇ ಗೊತ್ತಾಗ್ತದೆ, ಗುತ್ತಿನ ಮನೆಯಲ್ಲೂ ದೇವಸ್ಥಾನದಲ್ಲೂ ಕಾಣುವ ಅದೇ ಮರ, ಅದೇ ಉಳಿ. ಇಲ್ಲಿಯ ಬ್ಯಾರಿಗಳು, ಅಂದ್ರೆ ಈ ಕರಾವಳಿಯ ಮುಸ್ಲಿಮರು, ಇಸ್ಲಾಂ ಕಾನೂನಿನ ಶಾಫಿ ಪದ್ಧತಿಯವ್ರು, ಉತ್ತರ ಭಾರತದ ಹೆಚ್ಚಿನ ಮುಸ್ಲಿಮರ ಹಾಗೆ ಹನಫಿ ಅಲ್ಲ, ಯಾಕಂದ್ರೆ ಇವ್ರಿಗೆ ಇಸ್ಲಾಂ ಬಂದದ್ದು ದಿಲ್ಲಿಯ ದಾರಿಯಲ್ಲಿ ಅಲ್ಲ, ಯೆಮನ್ ಕಡೆಯಿಂದ ಕಡಲ ದಾರಿಯಲ್ಲಿ. ಮಾತಾಡುದು ಬ್ಯಾರಿ ಭಾಷೆ, ಅದಕ್ಕೆ ರಾಜ್ಯದಲ್ಲಿ ಸಾಹಿತ್ಯ ಅಕಾಡೆಮಿಯೂ ಉಂಟು. ಪಕ್ಕದಲ್ಲೇ ಕಚ್ಚಿ ಮೆಮನ್ ಮಸೀದಿ, ಅದು ಗುಜರಾತಿನ ಕಚ್ಛ್‌ನಿಂದ ವ್ಯಾಪಾರಕ್ಕೆ ಬಂದವ್ರದ್ದು. ಭಟ್ಕಳ ಬಜಾರ್ ಅಂತ ಒಂದು ಬೀದಿ ಉಂಟು. ಬಂದರಲ್ಲಿ ಬೀದಿಯ ಹೆಸರು ಓದ್ತಾ ಹೋದ್ರೆ ಯಾವ ಊರಿಂದ ಯಾರು ಬಂದಿದ್ರು ಅಂತ ಒಂದು ಲಿಸ್ಟೇ ಸಿಗ್ತದೆ.

ಪೋರ್ಚುಗೀಸರದ್ದು ಸ್ವಲ್ಪದರಲ್ಲಿ ಹೇಳ್ತೇನೆ. ಅವ್ರು ಇಲ್ಲಿ ಕೋಠಿ ಮಾಡ್ಕೊಂಡು, 1568ರಲ್ಲಿ ರೊಸಾರಿಯೊ ಇಗರ್ಜಿ ಕಟ್ಟಿದ್ರು, ಅದು ಹೊಳೆಗೆ ಹತ್ರ ಇರುದು ಯಾಕೆ ಅಂತ ಇನ್ನು ಹೇಳ್ಬೇಕಾಗಿಲ್ಲ. ಮಧ್ಯದಲ್ಲಿ ಅದು ನೆಲಸಮ ಆಗಿ, ಮತ್ತೆ ಕಟ್ಟಿ, ಈಗ ನೋಡುವ ಗುಮ್ಮಟದ ಕಟ್ಟಡ ಇಪ್ಪತ್ತನೇ ಶತಮಾನದ ಶುರುವಿನದ್ದು. ಹೊಳೆಯ ಮೇಲ್ಗಡೆ ಬೋಳೂರಲ್ಲಿ ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ, ಯುದ್ಧದ ಹಡಗು ಗುರುಪುರ ಹೊಳೆಯೊಳಗೆ ಬರ್ಬಾರ್ದು ಅಂತ. ಜನ ಅದರ ಮೇಲೆ ಹತ್ತಿ ಸೆಲ್ಫಿ ತೆಗೀತಾರೆ, ತೆಗೀಲಿ, ಆದ್ರೆ ಅಲ್ಲಿ ನಿಂತು ಎಡಕ್ಕೆ ಹೊಳೆಯ ಕೆಳಗಡೆ ನೋಡಿದ್ರೆ ಆ ಬುರುಜು ಯಾಕೆ ಅಲ್ಲೇ ಉಂಟು ಅಂತ ಒಂದೇ ನೋಟಕ್ಕೆ ಗೊತ್ತಾಗ್ತದೆ.

ಬ್ರಿಟಿಷರ ಕಾಲಕ್ಕೆ ಹಡಗು ಹಬೆಯದ್ದಾಯ್ತು, ದೊಡ್ಡದಾಯ್ತು. ಆಗ ಅಳಿವೆಯ ಹೊಸ್ತಿಲು ನಿಜವಾದ ಸಮಸ್ಯೆ ಆದದ್ದು. ಹಡಗು ಕಡಲಲ್ಲಿ ದೂರ ಲಂಗರು ಹಾಕಿ ನಿಲ್ತಿತ್ತು, ಮಾಲನ್ನ ದಕ್ಕೆಯಿಂದ, ಅಂದ್ರೆ ದೋಣಿ ನಿಲ್ಲುವ ಕಟ್ಟೆಯಿಂದ, ಸಣ್ಣ ದೋಣಿಗಳಲ್ಲಿ ತುಂಬಿಸಿ ಅಳಿವೆ ದಾಟಿಸಿ ಹಡಗಿನ ಪಕ್ಕಕ್ಕೆ ತಗೊಂಡು ಹೋಗಿ ಏರಿಸ್ಬೇಕು, ಬರುವ ಮಾಲನ್ನ ಅದೇ ರೀತಿ ಇಳಿಸ್ಬೇಕು. ಒಂದು ಮೂಟೆಗೆ ಎಷ್ಟು ಸಲ ಕೈ ಬದಲಾಗ್ತದೆ ಲೆಕ್ಕ ಹಾಕಿ: ಘಟ್ಟದಿಂದ ಗಾಡಿಯಲ್ಲಿ ಬಂದದ್ದು ಗೋಡೌನಿಗೆ, ಗೋಡೌನಿಂದ ತಲೆಹೊರೆಯಲ್ಲಿ ದಕ್ಕೆಗೆ, ದಕ್ಕೆಯಿಂದ ದೋಣಿಗೆ, ದೋಣಿಯಿಂದ ಹಡಗಿಗೆ. ಒಂದೊಂದು ಕೈಗೂ ಒಂದು ಸಂಬಳ, ಒಂದು ಸಂಸಾರ. ಹಮಾಲಿಗಳು, ದೋಣಿಯವ್ರು, ಗುಮಾಸ್ತರು, ತೂಕ ಮಾಡುವವ್ರು, ಗೋಣಿ ಹೊಲಿಯುವವ್ರು, ದಲಾಲಿಗಳು, ಇವ್ರೆಲ್ಲ ಬಂದರಿನ ಸುತ್ತ ನಡ್ಕೊಂಡು ಹೋಗುವಷ್ಟು ದೂರದಲ್ಲಿ ಮನೆ ಮಾಡಿದ್ರು, ಕುದ್ರೋಳಿ, ಕಂಡತ್‌ಪಳ್ಳಿ, ಬೊಕ್ಕಪಟ್ಣ, ನೀರೇಶ್ವಾಲ್ಯ, ಹೊಯ್ಗೆ ಬಜಾರ್, ಬೋಳಾರ. ಬಾಗಿಲಲ್ಲಿ ನೀರು ಆಳ ಇದ್ದಿದ್ರೆ ಹಡಗು ಸೀದಾ ಬಂದು ಕ್ರೇನಲ್ಲಿ ಎತ್ತಿ ಹಾಕಿ ಮುಗೀತಿತ್ತು, ಇಷ್ಟು ಜನ ಬೇಕಾಗ್ತಿರ್ಲಿಲ್ಲ, ಈ ಏರಿಯಾ ಇಷ್ಟು ದಟ್ಟ ಆಗ್ತಿರ್ಲಿಲ್ಲ. ಗಿಜಿಗಿಜಿ ಅಂತ ಬೈಯ್ತಾರಲ್ಲ, ಅದು ಬಂದದ್ದು ಇಲ್ಲಿಂದ.

ಗೋಡೌನ್ ಉದ್ದ ಆದದ್ದು ಮಳೆಗಾಲದಿಂದ. ನಾಲ್ಕು ತಿಂಗಳು ಹಡಗಿಲ್ಲ, ಆದ್ರೆ ಮಾಲು ಬರುದು ನಿಲ್ಲುದಿಲ್ಲ, ಅದನ್ನೆಲ್ಲ ನೆನೆಯದ ಹಾಗೆ ಇಡ್ಬೇಕು. ಅದ್ಕೆ ದಪ್ಪ ಮುರಕಲ್ಲಿನ ಗೋಡೆ, ನೀರು ನಿಲ್ಲದ ಇಳಿಜಾರು ಹಂಚಿನ ಮಾಡು, ಬೀದಿಗೆ ಸಪೂರ ಮುಖ, ಒಳಗೆ ಹೋದಷ್ಟೂ ಉದ್ದ. ಕಾಫಿಯ ಕಥೆ ಇಲ್ಲಿ ಹೇಳ್ಲೇಬೇಕು. ಚಿಕ್ಕಮಗಳೂರು ಕೊಡಗಿನ ಕಾಫಿ ಘಟ್ಟ ಇಳಿದು ಇಲ್ಲಿ ಬಂದು ಒಣಗಿ, ಸಿಪ್ಪೆ ಬಿಡಿಸಿ, ಹದ ಆಗಿ ಯುರೋಪಿಗೆ ಹೋಗ್ತಿತ್ತು. ಹಾಯಿ ಹಡಗಲ್ಲಿ ಆಫ್ರಿಕಾ ಸುತ್ತಿ ಹೋಗ್ಲಿಕ್ಕೆ ತಿಂಗಳುಗಟ್ಟಲೆ ಆಗ್ತಿತ್ತು, ಆ ತೇವಕ್ಕೆ ಬೀಜ ಊದಿ ಬಿಳಿಚಿ ಹುಳಿ ಕಮ್ಮಿ ಆಗಿ ಬೇರೆಯೇ ರುಚಿ ಬರ್ತಿತ್ತು, ಅಲ್ಲಿಯವ್ರಿಗೆ ಅದೇ ಅಭ್ಯಾಸ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಬೆ ಹಡಗು ಬೇಗ ಮುಟ್ಲಿಕ್ಕೆ ಶುರು ಆದ ಮೇಲೆ ಆ ರುಚಿ ಹೋಯ್ತು, ಗಿರಾಕಿಗಳು ಹಳೇದೇ ಬೇಕು ಅಂದ್ರು. ಆಗ ಇಲ್ಲಿಯವ್ರು ಎಂತ ಮಾಡಿದ್ರು ಅಂದ್ರೆ, ತೆರೆದ ಗೋಡೌನಲ್ಲಿ ಬೀಜ ಹರಡಿ ಮಳೆಗಾಲದ ಕಡಲಗಾಳಿಗೆ ವಾರಗಟ್ಟಲೆ ಬಿಟ್ಟು, ಆಗಾಗ ಕೆದಕಿ, ಗೋಣಿಗೆ ತುಂಬಿಸಿ ಮತ್ತೆ ಸುರಿದು, ಅದೇ ರುಚಿ ತಂದ್ರು. ಅದೇ ಇವತ್ತಿನ ಮಾನ್ಸೂನ್ಡ್ ಮಲಬಾರ್ ಕಾಫಿ, ಜಿಐ ಟ್ಯಾಗ್ ಉಂಟು, ಮಂಗಳೂರಲ್ಲಿ ಈಗಲೂ ಮಾಡ್ತಾರೆ. ಬಂದರನ್ನ ಮುಚ್ಚಿಸುವ ಮಳೆಯನ್ನೇ ಒಂದು ಕಸುಬು ಮಾಡ್ಕೊಂಡದ್ದು ಇದು, ಇಂಥಾ ಬುದ್ಧಿ ಕಾದು ಕೂತು ಅಭ್ಯಾಸ ಇರುವವ್ರಿಗೇ ಬರುದು.

ಹಂಚಿನದ್ದೂ ನೀರಿನ ಕಥೆಯೇ. 1834ರಿಂದ ಮಂಗಳೂರಲ್ಲಿದ್ದ, ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವ್ರು 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ಅದನ್ನ ಶುರು ಮಾಡಿದವ್ರು ಜಾರ್ಜ್ ಪ್ಲೆಬ್ಸ್ಟ್. ಆಮೇಲೆ ಊರಿನ ಎಷ್ಟೋ ಜನ ಹೊಳೆಯುದ್ದಕ್ಕೂ ಕಾರ್ಖಾನೆ ಹಾಕಿದ್ರು. ಯಾಕೆ ಹೊಳೆ ದಡವೇ? ಜೇಡಿಮಣ್ಣು ಹೊಳೆಯಲ್ಲೇ ಸಿಗ್ತದೆ, ಒಲೆಗೆ ಸೌದೆ ಹೊಳೆಯಲ್ಲೇ ಮೇಲಿಂದ ಬರ್ತದೆ, ಬೆಂದ ಹಂಚು ಭಾರ ಮತ್ತೆ ಬೇಗ ಒಡೀತದೆ, ಗಾಡಿಯಲ್ಲಿ ಕುಲುಕಿಸಿ ತಗೊಂಡು ಹೋಗುದಕ್ಕಿಂತ ದೋಣಿಯಲ್ಲಿ ಮೆಲ್ಲ ತೇಲಿಸುದು ಸುಲಭ. ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾ ತನಕ ಹೋಯ್ತು ಮಂಗಳೂರು ಹಂಚು. ಇಷ್ಟು ವ್ಯಾಪಾರ ಇದ್ದ ಕಡೆ ದುಡ್ಡು ಇಡ್ಲಿಕ್ಕೆ, ಸಾಲ ಕೊಡ್ಲಿಕ್ಕೆ ಜನ ಬೇಕಲ್ಲ. ಬಂದರಿನಿಂದ ನಡ್ಕೊಂಡು ಹೋಗುವಷ್ಟು ದೂರದ ರಥಬೀದಿ ಸುತ್ತ ಕೊಂಕಣಿ ವ್ಯಾಪಾರಿಗಳ ಅಂಗಡಿ ಸಾಲು, ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಶುರು ಮಾಡಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯ್ತು, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್, ಎಲ್ಲ ಇದೇ ಊರಲ್ಲಿ. ಈ ಸಣ್ಣ ಊರಲ್ಲಿ ಇಷ್ಟು ಬ್ಯಾಂಕ್ ಹೇಗೆ ಹುಟ್ಟಿತು ಅಂತ ಆಶ್ಚರ್ಯ ಪಡುವವ್ರು ಒಂದ್ಸಲ ಬಂದರು ಸುತ್ತಿ ಬರ್ಬೇಕು.

ಆಮೇಲೆ ಬಂತು ಪಣಂಬೂರಿನ ಬಂದರು. ಸ್ವಾತಂತ್ರ್ಯ ಬಂದ ಮೇಲೆ ಕಬ್ಬಿಣದ ಅದಿರು, ಗೊಬ್ಬರ, ಎಣ್ಣೆ, ಇಂಥಾ ಮಾಲಿಗೆ ದೊಡ್ಡ ಹಡಗು ಬೇಕು, ಅದಕ್ಕೆ ಆಳ ಬೇಕು, ವರ್ಷವಿಡೀ ತೆರೆದಿರ್ಬೇಕು. ಅಳಿವೆಯಲ್ಲಿ ಅದು ಆಗುದಿಲ್ಲ ಅಂತ ಸುಮಾರು ಹತ್ತು ಕಿಲೋಮೀಟರ್ ಉತ್ತರಕ್ಕೆ ಹೋಗಿ, ದಡದ ಒಳಗಿನ ನೆಲ ಅಗೆದು ಹೊಸ ಬಂದರು ಮಾಡಿದ್ರು. 1974ರಲ್ಲಿ ಅದು ಮೇಜರ್ ಪೋರ್ಟ್ ಅಂತ ಘೋಷಣೆ ಆಯ್ತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ್ರು. ಅಲ್ಲಿಂದ ನಮ್ಮ ಬಂದರು ಹಳೇ ಬಂದರು ಆಯ್ತು.

ಹೆಚ್ಚಿನವ್ರು ಕಥೆ ಇಲ್ಲಿಗೆ ಮುಗಿಸ್ತಾರೆ, ಹಳೇದು ಸತ್ತಿತು, ಹೊಸದು ಬಂತು ಅಂತ. ಹಾಗೆ ಆಗ್ಲಿಲ್ಲ. ದೊಡ್ಡ ಹಡಗಿನ ಮಾಲು ಹೋಯ್ತು, ಆದ್ರೆ ಸಣ್ಣ ದೋಣಿಯ ಕೆಲಸ ಯಾವತ್ತೂ ಆಳವನ್ನ ಕೇಳಿದ್ದೇ ಅಲ್ಲ, ಅದು ಉಳೀತು. ಅದರಲ್ಲಿ ಒಂದು ಲಕ್ಷದ್ವೀಪದ ಮಾಲು, ಇನ್ನೊಂದು ಮೀನು.

ಲಕ್ಷದ್ವೀಪದ ವಿಷಯ ಕನ್ನಡದವ್ರಿಗೇ ಹೆಚ್ಚು ಗೊತ್ತಿಲ್ಲ, ಅದ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. 1783ರಲ್ಲಿ ಅಮಿನಿ ದ್ವೀಪದ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ರೋಸಿ ಮಂಗಳೂರಿಗೆ ಬಂದು ಟಿಪ್ಪುವಿನ ಹತ್ರ ನಮ್ಮನ್ನ ನೀವೇ ನೋಡ್ಕೊಳ್ಳಿ ಅಂತ ಕೇಳಿದ್ರು. ಆಮೇಲೆ ಉತ್ತರದ ದ್ವೀಪಗಳು ಟಿಪ್ಪುವಿಗೆ ಬಂದ್ವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರಿಗೆ ಹೋಗಿ, ಮಂಗಳೂರಿಂದಲೇ ಆಡಳಿತ ನಡೀತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಇವು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗ ಆಗಿದ್ವು. ಯೋಚನೆ ಮಾಡಿ, ಜಿಲ್ಲೆಯ ಕಲೆಕ್ಟರ್ ವ್ಯಾಪ್ತಿ ಅರಬ್ಬೀ ಸಮುದ್ರದ ನಡುವಿನ ತನಕ ಇತ್ತು. ಅಲ್ಲಿಂದ ತೆಂಗಿನ ನಾರು, ಕೊಬ್ಬರಿ ಬರ್ತಿತ್ತು, ಇಲ್ಲಿಂದ ಅಕ್ಕಿ ಹೋಗ್ತಿತ್ತು.

ಆಡಳಿತ ಹೋದ್ರೂ ವ್ಯಾಪಾರ ಹೋಗ್ಲಿಲ್ಲ. ಹವಳದ ದ್ವೀಪದಲ್ಲಿ ಕಲ್ಲಿಲ್ಲ, ಮನೆ ಕಟ್ಟುವ ಮರಳಿಲ್ಲ, ಗದ್ದೆ ಇಲ್ಲ. ಅಲ್ಲಿ ಒಂದು ಮನೆ ಏಳ್ಬೇಕಾದ್ರೆ ಜಲ್ಲಿ, ಹೊಯ್ಗೆ, ಇಟ್ಟಿಗೆ, ಸಿಮೆಂಟು, ಕಬ್ಬಿಣ ಎಲ್ಲ ಮಂಗಳೂರಿಂದಲೋ ಕೇರಳದ ಬೇಪೂರಿಂದಲೋ ಕೊಚ್ಚಿಯಿಂದಲೋ ಹೋಗ್ಬೇಕು. ಹಳೇ ಬಂದರಿನ ದಕ್ಕೆಯಲ್ಲಿ ಮಂಜಿಗಳು, ಅಂದ್ರೆ ಮಾಲು ಸಾಗಿಸುವ ಮರದ ದೊಡ್ಡ ದೋಣಿಗಳು, ಸಾಲಾಗಿ ನಿಂತಿರ್ತವೆ, ಈಗ ಹಾಯಿ ಇಲ್ಲ, ಇಂಜಿನ್ ಉಂಟು, ಅವಕ್ಕೆ ಜಲ್ಲಿ ತುಂಬಿಸುದು, ಅದರ ಮೇಲೆ ತರಕಾರಿ ಚೀಲ, ದಿನಸಿ, ಕೆಲವೊಮ್ಮೆ ಆಡು ದನ, ಒಬ್ರ ಹೊಸ ಫ್ರಿಜ್ಜು, ಇನ್ನೊಬ್ರ ಬೈಕು. ಲೋಡಿಂಗ್ ಮಾಡುವ ಹಮಾಲಿಗಳು ಇಲ್ಲ ಅಂದ್ರೆ ಇದು ಯಾವುದೂ ನಡೆಯುದಿಲ್ಲ, ಹಲಗೆಯ ಮೇಲೆ ಮೂಟೆ ಹೊತ್ತು ಓಡಾಡುವ ಆ ಕೆಲಸ ನೋಡಿದ್ರೆ ನಮ್ಮ ಕೆಲಸದ ಬಗ್ಗೆ ದೂರು ಹೇಳ್ಲಿಕ್ಕೆ ಮನಸ್ಸಾಗುದಿಲ್ಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ ಮಂಜಿ ಕಡಲಿಗೆ ಇಳೀಲಿಕ್ಕಿಲ್ಲ, ಅದ್ಕೆ ಏಪ್ರಿಲ್ ಮೇ ಹೊತ್ತಿಗೆ ದಕ್ಕೆಯಲ್ಲಿ ಗಡಿಬಿಡಿ, ಮಳೆಗೆ ಮೊದ್ಲು ದ್ವೀಪಕ್ಕೆ ಸಾಮಾನು ಮುಟ್ಟಿಸ್ಬೇಕಲ್ಲ. ಸಾವಿರ ವರ್ಷದ ಹಿಂದಿನ ಕ್ಯಾಲೆಂಡರೇ ಇನ್ನೂ ನಡೀತಾ ಉಂಟು. ದ್ವೀಪದವ್ರು ಆಸ್ಪತ್ರೆಗೆ, ಮದುವೆ ಜವಳಿಗೆ ಮಂಗಳೂರಿಗೆ ಬರುದೂ ಉಂಟು, 2024ರಲ್ಲಿ ಜನ ಹತ್ತುವ ಹೈಸ್ಪೀಡ್ ಬೋಟ್ ಹಳೇ ಬಂದರಿಗೆ ಬಂದಾಗ ಊರಿಗೆ ಊರೇ ಖುಷಿ ಪಟ್ಟಿತು, ಅದು ದಿನನಿತ್ಯದ ಸರ್ವಿಸ್ ಆಗ್ಬೇಕು ಅಂತ ನನ್ನ ಆಸೆ.

ಇನ್ನು ಮೀನಿನ ದಕ್ಕೆ. ಬೆಳಕು ಹರಿಯುವ ಮೊದ್ಲೇ ಹೋದ್ರೆ ಮಾತ್ರ ಅದು ಎಂತ ಅಂತ ಗೊತ್ತಾಗುದು, ಎಂಟು ಗಂಟೆಗೆ ಹೋದವ್ರು ತಡ ಆದ ಹಾಗೆಯೇ. ಟ್ರಾಲ್ ಬೋಟು ವಾರ ಹತ್ತು ದಿನ ಆಳ ಕಡಲಲ್ಲಿ ಇದ್ದು ಐಸ್‌ನಲ್ಲಿ ಮೀನು ಇಟ್ಕೊಂಡು ಬರ್ತದೆ, ಪರ್ಸೀನ್ ಬೋಟು ಹತ್ತಿರದಲ್ಲಿ ಬೂತಾಯಿ ಬಂಗುಡೆಯ ಹಿಂಡನ್ನ ಸುತ್ತು ಬಲೆ ಹಾಕಿ ಹಿಡ್ಕೊಂಡು ಅವತ್ತವತ್ತೇ ಬರ್ತದೆ. 1970ರ ದಶಕಕ್ಕೆ ಮೊದ್ಲು ಮೊಗವೀರರ ರಾಂಪಣಿ ಇತ್ತು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಬಲೆ, ಪರ್ಸೀನ್ ಬಂದ ಮೇಲೆ ಅದು ಸೋತಿತು, ಆ ಜಗಳ ಆ ಕಾಲದಲ್ಲಿ ಇಡೀ ಕರಾವಳಿಯಲ್ಲಿ ದೊಡ್ಡದು. ಈಗ ಬೋಟಿನ ಯಜಮಾನರು ಊರಿನವ್ರು, ಬೋಟಲ್ಲಿ ದುಡಿಯುವ ಎಷ್ಟೋ ಜನ ಆಂಧ್ರ, ಒಡಿಶಾ, ತಮಿಳುನಾಡು, ಜಾರ್ಖಂಡ್ ಕಡೆಯವ್ರು. ಅಂಜಲ್, ಮಾಂಜಿ, ಕಾಣೆ ದೊಡ್ಡ ರೇಟಿಗೆ ಏಲಂ ಆಗಿ ಹೋಗ್ತದೆ, ಬೊಂಡಾಸ್ (ಸ್ಕ್ವಿಡ್), ಎಟ್ಟಿ (ಸಿಗಡಿ) ಎಕ್ಸ್‌ಪೋರ್ಟಿಗೆ, ಊರಿನ ಮನೆ ಮನೆಗೆ ಮುಟ್ಟುದು ಬೂತಾಯಿ, ಬಂಗುಡೆ, ನಂಗ್. ಅದನ್ನ ಮುಟ್ಟಿಸುವವ್ರು ಮೀನಿನ ಅಕ್ಕಂದಿರು, ಏಲಂನಲ್ಲಿ ಅವ್ರು ನಿಂತದ್ದನ್ನ ನೋಡ್ಬೇಕು, ಕಣ್ಣಲ್ಲೇ ಕ್ರೇಟಿನ ತೂಕ ಹಾಕಿ, ಒಂದು ಮಾತಲ್ಲಿ ರೇಟು ಮುರಿದು, ರಿಕ್ಷಾದಲ್ಲಿ ತುಂಬಿಸಿ ಬೆಳಗ್ಗೆ ಎಂಟಕ್ಕೆ ನಿಮ್ಮ ಗೇಟಿನ ಎದುರು ಇರ್ತಾರೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟಿಗೆ ರಜೆ, ಮೀನು ಮರಿ ಮಾಡುವ ಕಾಲ, ಆಗ ಸಣ್ಣ ಇಂಜಿನ್ನಿನ ನಾಡದೋಣಿಯವ್ರಿಗೆ ಮಾತ್ರ ಅವಕಾಶ. ಆ ಎರಡು ತಿಂಗಳು ಬಂದರಿನ ಹೊಳೆಯಲ್ಲಿ ಬೋಟು ಬೋಟಿಗೆ ತಾಗಿ ನಿಂತು ನೀರೇ ಕಾಣುದಿಲ್ಲ, ದಡದಲ್ಲಿ ಬಲೆ ರಿಪೇರಿ, ಪೈಂಟು, ಬಡಗಿ ಕೆಲಸ.

ದಿನದ ಬದುಕಲ್ಲಿ ಇದೆಲ್ಲ ಹೇಗೆ ಸೇರ್ತದೆ ಅಂದ್ರೆ, ಬಂದರಿನ ಒಂದು ಸಾಧಾರಣ ದಿನಸಿ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಕೇಳಿ. ಯಜಮಾನರು ಮನೆಯವ್ರ ಹತ್ರ ಬ್ಯಾರಿಯಲ್ಲೋ ಕೊಂಕಣಿಯಲ್ಲೋ, ಹಮಾಲಿಗಳ ಹತ್ರ ತುಳುವಲ್ಲಿ, ಘಟ್ಟದ ಲಾರಿ ಡ್ರೈವರ್ ಹತ್ರ ಕನ್ನಡದಲ್ಲಿ, ದ್ವೀಪದ ಗಿರಾಕಿ ಹತ್ರ ಮಲಯಾಳಂನಲ್ಲಿ, ಬೋಟಿನ ಹುಡುಗರ ಹತ್ರ ಹಿಂದಿಯಲ್ಲಿ ಮಾತಾಡ್ತಾ, ಲೆಕ್ಕ ಮಾತ್ರ ಕನ್ನಡದಲ್ಲಿ ಬರೀತಾರೆ. ಇದು ಯಾರೂ ಕಲಿಸಿದ್ದಲ್ಲ, ಇದಿಲ್ಲದೆ ವ್ಯಾಪಾರ ಆಗುದಿಲ್ಲ. ಶುಕ್ರವಾರ ಮಧ್ಯಾಹ್ನ ಗಲ್ಲಿಗಳು ಒಂದು ಗಂಟೆ ಖಾಲಿ, ರಥಬೀದಿಯ ತೇರಿಗೆ ಅಂಗಡಿ ಸಾಲು ಬೇರೆಯೇ ಬಣ್ಣ, ಮಧ್ಯಾಹ್ನ ಮೀನೂಟದ ಸಣ್ಣ ಹೋಟೆಲಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಫ್ರೈ, ಒಂದೇ ಬೆಂಚಲ್ಲಿ ವಕೀಲರೂ ಹಮಾಲಿಯೂ. ಎದುರು ಬೆಂಗ್ರೆಗೆ ಫೆರಿ ದೋಣಿ ಹೋಗ್ತಾ ಬರ್ತಾ ಇರ್ತದೆ, ಅಲ್ಲಿಯ ಮಕ್ಕಳು ಶಾಲೆಗೆ ಬರುದು ದೋಣಿಯಲ್ಲೇ, ರಸ್ತೆಯಲ್ಲಿ ಬರ್ಬೇಕಾದ್ರೆ ಕೂಳೂರು ಸೇತುವೆ ಸುತ್ತಿ ಬರ್ಬೇಕು. ಕಣ್ಣಿಗೆ ಕಾಣುವಷ್ಟು ಹತ್ರದ ಊರು ರಸ್ತೆಯಲ್ಲಿ ಅಷ್ಟು ದೂರ.

ಈಗಿನ ಕಷ್ಟಗಳನ್ನೂ ಹೇಳ್ಬೇಕು. 2020ರ ಏಪ್ರಿಲ್‌ನಲ್ಲಿ ಕೊರೋನಾ ಸಮಯ ಸೆಂಟ್ರಲ್ ಮಾರ್ಕೆಟ್ ಮುಚ್ಚಿ ಹೋಲ್‌ಸೇಲ್ ತರಕಾರಿ ಹಣ್ಣಿನವ್ರನ್ನ ಬೈಕಂಪಾಡಿ ಎಪಿಎಂಸಿಗೆ ಕಳಿಸಿದ್ರು, ಅಲ್ಲಿಂದ ಈ ಕಡೆಯ ಎಷ್ಟೋ ಹೋಲ್‌ಸೇಲ್ ವ್ಯವಹಾರದ ಜೀವವೇ ಕಮ್ಮಿ ಆಯ್ತು. ಹಂಚಿನ ಗೋಡೌನ್‌ಗಳು ಒಂದೊಂದಾಗಿ ಕೆಡವಿ ಕಾಂಕ್ರೀಟ್ ಆಗ್ತಾ ಉಂಟು, ಯಜಮಾನರನ್ನ ದೂರಿ ಪ್ರಯೋಜನ ಇಲ್ಲ, ಹಳೇ ಮಾಡು ಸೋರ್ತದೆ, ಹಂಚು ಕಟ್ಟುವ ಕೆಲಸದವ್ರು ಸಿಗುದಿಲ್ಲ. ಆದ್ರೆ ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಮತ್ತೆ ಅದೇ ಅಳಿವೆ. ಬಾಯಲ್ಲಿ ಎರಡೂ ಕಡೆ ಕಲ್ಲಿನ ತಡೆಗೋಡೆ ಹಾಕಿದ್ದಾರೆ, ಆದ್ರೂ ಮರಳು ಕೂರುದು ನಿಂತಿಲ್ಲ. ಮೀನು ತುಂಬಿಸಿಕೊಂಡು ಬರುವ ಬೋಟು ಅಳಿವೆಯಲ್ಲಿ ಹೂಳಿಗೆ ತಾಗಿ, ಹಿಂದಿಂದ ಅಲೆ ಹೊಡೆದು ಮಗುಚಿದ ಸುದ್ದಿ ಆಗಾಗ ಬರ್ತಾನೇ ಇರ್ತದೆ, ಅಷ್ಟು ದಿನ ಆಳ ಕಡಲಲ್ಲಿ ಏನೂ ಆಗದೆ ಮನೆ ಕಾಣುವಷ್ಟು ಹತ್ರ ಬಂದು ಜೀವ ಹೋಗುದು ತುಂಬಾ ಸಂಕಟದ ವಿಷಯ.

ಡ್ರೆಜ್ಜಿಂಗ್ ಮಾಡಿ ಅಂತ ಮೀನುಗಾರರು ಕೇಳಿದಾಗ ಪ್ರತಿ ಸಲ ಒಂದು ಮಾತು ಬರ್ತದೆ, ಮೊನ್ನೆ ಮಾಡಿದ್ದೇವಲ್ಲ ಅಂತ. ಇಲ್ಲೇ ತಪ್ಪುದು. ಎರಡು ಹೊಳೆ ಪ್ರತಿ ಮಳೆಗಾಲ ಹೊಸ ಮರಳು ತರ್ತವೆ, ಕಡಲು ಪ್ರತಿ ಮಳೆಗಾಲ ಅದನ್ನ ಬಾಗಿಲಿಗೆ ತಂದು ಒಟ್ಟು ಮಾಡ್ತದೆ, ಹಾಗಾಗಿ ಹೂಳು ತೆಗೆಯುದು ಪ್ರತಿ ವರ್ಷ ಮಾಡ್ಬೇಕಾದ ಕೆಲಸ. ದುಡ್ಡು ಪ್ರತಿ ವರ್ಷದ ಬಜೆಟ್‌ನಲ್ಲಿ ಇರ್ಬೇಕು, ಬೋಟು ಕಡಲಿಗೆ ಇಳಿಯುವ ಆಗಸ್ಟ್ 1ಕ್ಕೆ ಮತ್ತೆ ಮಂಜಿ ಹೊರಡುವ ಸೆಪ್ಟೆಂಬರ್ ಮಧ್ಯಕ್ಕೆ ಮೊದ್ಲು ಎಲ್ಲಿ ಎಷ್ಟು ಆಳ ಉಂಟು ಅಂತ ಅಳೆದು ದೋಣಿಯವ್ರಿಗೆ ತಿಳಿಸ್ಬೇಕು, ಮಳೆಯ ಜೋರು ಪೂರ್ತಿ ಇಳಿದ ಕೂಡ್ಲೇ ತೆಗೀಲಿಕ್ಕೆ ಶುರು ಮಾಡ್ಬೇಕು. ಅದು ನಿಂತ್ರೆ ಮೀನಿನ ಬೋಟುಗಳು ಮಲ್ಪೆಗೆ ಹೋಗಿ ಇಳಿಸ್ತವೆ, ಮಂಜಿಗಳು ಬೇಪೂರಿಗೆ ಹೋಗ್ತವೆ, ಹಮಾಲಿಗಳು ಎಲ್ಲಿಗೆ ಹೋಗ್ತಾರೆ ಅಂತ ಮಾತ್ರ ಯಾರ ಪ್ಲಾನಲ್ಲೂ ಬರೆದಿಲ್ಲ.